ಪಾಳೆಯವನ್ನು ಕಿತ್ತು ಹೊರಡುವ ದಿವಸ

(ಅರಣ್ಯಕಾಂಡದ 10ನೆಯ ಅಧ್ಯಾಯವನ್ನು ಮನೆಯವರೆಲ್ಲರು ಕೂಡಿ ಓದಿದ ಮೇಲೆ ಇದನ್ನು ಓದತಕ್ಕದ್ದು.)



ಇಸ್ರಾಯೇಲ್ಯರು ಸೀನಾಯಿ ಬೆಟ್ಟದ ಬುಡದಲ್ಲಿ ಹೆಚ್ಚುಕಡಿಮೆ 11 ತಿಂಗಳು ಇಳುಕೊಂಡಿದ್ದರು. ಐಗುಪ್ತವನ್ನು ಬಿಟ್ಟ 2ನೆಯ ವರುಷದ 2ನೆಯ ತಿಂಗಳಿನ 20ನೆಯ ದಿನದಲ್ಲಿ ಗುಡಾರದ ಮೇಲಿದ್ದ ಮೇಘವು ಎದ್ದಿತು, ಅವರೂ ಎದ್ದರು. ಈ ಅಧ್ಯಾಯವನ್ನು ಓದುವವರಲ್ಲಿ ಅನೇಕರು ಇದು ಕುಲಗಳ ಹೆಸರುಗಳ ಪಟ್ಟಿಯೆಂದೆಣಿಸಿ ಬೇಗನೆ ದಾಟಿಬಿಡುತ್ತಾರೆ. ಆದರೆ ಒಂದು ಮನೆಯನ್ನು ಬಿಟ್ಟು ಇನ್ನೊಂದಕ್ಕೆ ಹೋದವನು ಇದನ್ನು ಹಾಗೆ ದಾಟಲಾರನು. 11 ತಿಂಗಳೆಂದರೆ ಒಲೆಯ ಕಲ್ಲು ಕಪ್ಪಾಗುವಷ್ಟು ಕಾಲ, ಕೂಸು ಹುಟ್ಟಿ ತೆವಳುವಷ್ಟು ಕಾಲ. ಅಷ್ಟು ದಿನ ಇದ್ದ ಸ್ಥಳವನ್ನು ಒಂದೇ ಬೆಳಿಗ್ಗೆ ಕಿತ್ತು ಹೊರಡುವದೆಂದರೆ ಏನೆಂಬದನ್ನು ಅವನು ಬಲ್ಲನು.

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ಶರಾವತೀ ಹೊಳೆಗೆ ಮಡೆನೂರಿನ ಬಳಿಯಲ್ಲಿ ಹಿರೇಭಾಸ್ಕರವೆಂಬ ಅಣೆಯನ್ನು ಕಟ್ಟಿ, 1948ರಲ್ಲಿ ಜೋಗದಿಂದ ವಿದ್ಯುಚ್ಛಕ್ತಿಯನ್ನು ತೆಗೆಯಲು ಆರಂಭಿಸಿದರು. ತರುವಾಯ 1964ರಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಯು ಪೂರ್ಣವಾಗಲು, ನೀರು ಸಮುದ್ರಮಟ್ಟದ ಮೇಲೆ 1819 ಅಡಿಯ ತನಕ ನಿಲ್ಲುವಂತಾಯಿತು. ಮೊದಲನೆಯ ಅಣೆಯೇ ಎರಡನೆಯದರ ನೀರಿನಲ್ಲಿ ಮುಳುಗಿ, ಈಗ ಮಳೆ ಕಡಿಮೆಯಾದ ವರುಷಗಳ ಬೇಸಗೆಯಲ್ಲಿ ಮಾತ್ರ ತಲೆಯೆತ್ತಿ ಕಾಣಿಸುತ್ತದೆ. ಗದ್ದೆ, ಅಡಕೆಯ ತೋಟ, ಬ್ಯಾಣ, ಹಾದಿ, ಹೊಳೆಯ ದಡದ ಅಪ್ಪೆಮಿಡಿಯ ಮರ, ಎಲ್ಲವೂ ನೀರಿನ ಕೆಳಗಾದವು. ಸಾವಿರಾರು ಕುಟುಂಬಗಳು ಎದ್ದು ಹೋಗಬೇಕಾಯಿತು. 1980ರ ದಶಕದಲ್ಲಿ ವಾರಾಹಿಗೆ ಮಾಣಿಯಲ್ಲಿ ಅಣೆ ಕಟ್ಟಿದಾಗಲೂ ಮುಳುಗಡೆಯೆಂಬ ಮಾತು ಪುನಃ ಕೇಳಬಂತು. ಹೊಸನಗರವೆಂಬ ಊರಿನ ಹೆಸರಾದರೂ ಏನು? ತಾಲೂಕಿನ ಕಚೇರಿಯು ಹಳೆಯ ನಗರವನ್ನು ಬಿಟ್ಟು ಕಲ್ಲೂರುಕಟ್ಟೆಗೆ ಬಂದದ್ದರಿಂದ ಆ ಸ್ಥಳಕ್ಕೆ ಹೊಸ ನಗರವೆಂದು ಹೆಸರಾಯಿತು. ಹೀಗಿರಲಾಗಿ, ಗುಡಾರವನ್ನು ಕಿತ್ತವರ ಈ ಅಧ್ಯಾಯವು ನಮ್ಮ ಸೀಮೆಯ ಅಧ್ಯಾಯವೂ ಆಗಿದೆ. ಇದರಿಂದ ನಾವು ನಾಲ್ಕು ಸಂಗತಿಗಳನ್ನು ಕಲಿಯೋಣ.

ಮೊದಲನೆಯದು, ಹೊರಡುವ ಕಾಲದ ವಿಷಯ.

ಈ ವಿಷಯದಲ್ಲಿ ಮನುಷ್ಯರು ಎರಡು ವಿಧವಾಗಿ ತಪ್ಪುತ್ತಾರೆ. ಲೋಟನು ತಡಮಾಡಿದನು, ದೂತರು ಅವನ ಕೈಹಿಡಿದು ಊರ ಹೊರಗೆ ತರಬೇಕಾಯಿತು. ಐಗುಪ್ತದಿಂದ ಹೊರಟವರಿಗಾದರೋ ಅವಸರವೇ ಅವಸರ; ಹಿಟ್ಟು ಹುಳಿಯಾಗುವದಕ್ಕೆ ಕೂಡ ಸಮಯವಿರಲಿಲ್ಲ, ನಾದುವ ಪಾತ್ರೆಯ ಸಂಗಡಲೇ ಅದನ್ನು ಹೆಗಲ ಮೇಲೆ ಹೊತ್ತರು. ಮುಳುಗಡೆಯ ಕಾಲದಲ್ಲಿಯೂ ಈ ಎರಡು ಕಷ್ಟಗಳು ಒಂದೇ ಮನೆಯೊಳಗೆ ಸೇರಿದ್ದವು. ನೀರು ಎಷ್ಟು ಅಡಿಗೆ ಏರುವದೆಂಬದು ಅಳತೆಯವರಿಗೆ ಗೊತ್ತಿತ್ತು. ಯಾವ ದಿನ ಯಾರ ಹೊಸ್ತಿಲಿಗೆ ಬರುವದೆಂಬದು ಮಳೆಗೆ ಬಿಟ್ಟ ಮಾತು. ಇನ್ನೊಂದು ಬೆಳೆ ಕೊಯ್ದು ಹೋಗೋಣ ಎಂದು ಯಜಮಾನನ ಮನಸ್ಸು. ಮಕ್ಕಳಿಗೆ ಏನಾದೀತೋ ಎಂದು ಯಜಮಾನಿಯ ಮನಸ್ಸು. ಹೀಗೆ ಇರಲೂ ಆಗದೆ ಹೋಗಲೂ ಆಗದೆ ಕಳೆಯುವ ಕಡೆಯ ದಿವಸಗಳೇ ಎಲ್ಲಕ್ಕಿಂತ ಭಾರವಾದವುಗಳು.

ನಮ್ಮ ಮಲೆನಾಡಿನಲ್ಲಿ ಮನೆ ಬದಲಿಸುವದಕ್ಕೆ ತಕ್ಕ ಕಾಲವು ಚಿಕ್ಕದು. ಗದ್ದೆಯ ಕೊಯ್ಲು, ಅಡಕೆಯ ಕೊಯ್ಲು ಮುಗಿಯುವಷ್ಟರಲ್ಲಿ ಜನವರಿ ಬರುತ್ತದೆ. ಮೃಗಶಿರಾ ಮಳೆ ಜೂನಿನಲ್ಲಿ ಹಿಡಿಯುತ್ತದೆ. ಈ ನಾಲ್ಕೈದು ತಿಂಗಳೊಳಗೆ ಹೊಸ ಮನೆಯ ಮಣ್ಣಿನ ಗೋಡೆ ಏಳಬೇಕು, ಒಣಗಬೇಕು. ಹಳೆಯ ಮಾಡಿನ ಹೆಂಚು ಇಳಿಯಬೇಕು, ಹೊಸ ಮಾಡಿಗೆ ಏರಬೇಕು. ಆರಿದ್ರಾ ಮಳೆಯ ತನಕ ತಡಮಾಡಿದವನ ಗಾಡಿ ಕೆಸರಿನಲ್ಲಿ ಹೂತುಹೋಗುವದು. ಒಣಗದ ಗೋಡೆ ಕರಗುವದು. ಸೌದೆಯೂ ಬೀಜದ ಭತ್ತವೂ ತೊಯ್ಯುವವು. ಆದದರಿಂದ ದೇವರು ಮೋಶೆಗೆ ಎರಡು ಬೆಳ್ಳಿಯ ತುತೂರಿಗಳನ್ನು ಮಾಡಿಸಲು ಹೇಳಿದ್ದು ಸಣ್ಣ ಮಾತಲ್ಲ. ಕೂಡಿಬರುವದಕ್ಕೆ ಒಂದು ಧ್ವನಿ, ಹೊರಡುವದಕ್ಕೆ ಬೇರೊಂದು ಧ್ವನಿ. ಪಾಳೆಯದ ಅಂಚಿನ ಕೂಲಿಯವನಿಗೂ ಅದು ಕೇಳಿಸಬೇಕು. ಮನೆಯ ಯಜಮಾನರೇ, ನಿಮ್ಮ ಮನಸ್ಸಿನೊಳಗೆ ಮಾತ್ರ ದಿನವನ್ನು ಗೊತ್ತುಮಾಡಬೇಡಿರಿ. ಹೆಂಡತಿಗೂ ಮಕ್ಕಳಿಗೂ ಮುದಿತಂದೆಗೂ ಆಳಿಗೂ ತಿಳಿಯುವಂತೆ ಹೇಳಿರಿ. ತಿಳಿಯದೆ ಇರುವವನು ಭಯಪಡುವನು, ಭಯಪಟ್ಟವನು ಜಗಳವಾಡುವನು.

ಎರಡನೆಯದು, ಹೊರೆಯ ವಿಷಯ.

ಗುಡಾರವನ್ನು ಹೊತ್ತ ಲೇವಿಯರಲ್ಲಿ ಮೂರು ಗೋತ್ರಗಳಿದ್ದವು. ಗೇರ್ಷೋನ್ಯರಿಗೆ ಪರದೆಗಳೂ ಬಟ್ಟೆಗಳೂ. ಅವರಿಗೆ 2 ಗಾಡಿಗಳು, 4 ಎತ್ತುಗಳು. ಮೆರಾರೀಯರಿಗೆ ಹಲಗೆ, ಕಂಬ, ಅಗುಳಿ, ಗದ್ದಿಗೇಕಲ್ಲುಗಳು; ಹೊರೆ ಭಾರವಾದದ್ದರಿಂದ ಅವರಿಗೆ 4 ಗಾಡಿಗಳು, 8 ಎತ್ತುಗಳು. ಕೆಹಾತ್ಯರಿಗೆ ಗಾಡಿಯೇ ಇಲ್ಲ; ಪರಿಶುದ್ಧವಾದವುಗಳನ್ನು ಅವರು ಹೆಗಲ ಮೇಲೆಯೇ ಹೊರಬೇಕು. ಗೂಟ ಹಗ್ಗಗಳನ್ನು ಕೂಡ ಒಂದೊಂದಾಗಿ ಹೆಸರು ಹೇಳಿ ಒಪ್ಪಿಸಬೇಕೆಂದು ಅಪ್ಪಣೆಯಾಯಿತು. ನೋಡಿರಿ, ಆಕಾಶವನ್ನು ಹರಡಿದ ದೇವರು ಗೂಟವನ್ನು ಮರೆಯುವದಿಲ್ಲ. ಗೂಟ ಮರೆತರೆ ಗುಡಾರ ನಿಲ್ಲದೆಂಬದನ್ನು ಆತನು ಬಲ್ಲನು.

ಇನ್ನೊಂದು ಜಾಣತನವನ್ನು ಗಮನಿಸಿರಿ. ಗೇರ್ಷೋನ್ಯರೂ ಮೆರಾರೀಯರೂ ಮುಂದೆ ಹೊರಟರು, ಕೆಹಾತ್ಯರು ಹಿಂದೆ ಹೊರಟರು. ಯಾಕಂದರೆ ಪವಿತ್ರವಸ್ತುಗಳು ಬಂದು ಮುಟ್ಟುವಷ್ಟರೊಳಗೆ ಅವುಗಳನ್ನಿಡುವ ಗುಡಾರವು ಎದ್ದು ನಿಂತಿರಬೇಕಾಗಿತ್ತು. ನಮ್ಮ ಹಿರಿಯರೂ ಹಾಗೆಯೇ ಮಾಡಿದರು. ತೊಲೆ, ಜಂತೆ, ಬಾಗಿಲು, ಹೆಂಚು ಮುಂದೆ. ಪಣತದ ಭತ್ತ, ಹಂಡೆ, ಒರಳು, ಮಿಡಿ ಉಪ್ಪಿನಕಾಯಿಯ ಜಾಡಿ ಆಮೇಲೆ. ಹಳೆಯ ಮನೆಯ ತೊಲೆಯೇ ಹೊಸ ಮನೆಯ ತೊಲೆಯಾಯಿತು. ಈಗ ಲಾರಿಯಲ್ಲಿ ಒಂದೇ ದಿನದಲ್ಲಿ ಸಾಗಿಸುವವರು ಕೂಡ ಇದನ್ನು ಮರೆಯಬಾರದು. ಹೊಸ ಮನೆಯಲ್ಲಿ ಮಾಡು ಸೋರದೆಂದೂ ಬಾವಿಯಲ್ಲಿ ನೀರುಂಟೆಂದೂ ನೋಡುವ ಮುಂಚೆ ಹಳೆಯ ಒಲೆಯನ್ನು ಕೀಳಬೇಡಿರಿ. ಮೊದಲನೆಯ ರಾತ್ರಿಗೆ ಬೇಕಾದ ಅಕ್ಕಿ, ದೀಪ, ಕಂಬಳಿ, ರೋಗಿಯ ಔಷಧ, ಜಮೀನಿನ ಕಾಗದಗಳು, ಸತ್ಯವೇದ, ಇವುಗಳನ್ನು ಗಾಡಿಯ ತಳಕ್ಕೆ ಹಾಕದೆ ಕೆಹಾತ್ಯರಂತೆ ಹೆಗಲ ಮೇಲೆಯೇ ಹೊರಿರಿ.

ಹೊತ್ತುಕೊಂಡು ಹೋಗಲಾಗದ ವಸ್ತುಗಳೂ ಉಂಟು. ಇಸ್ರಾಯೇಲ್ಯರು ಯೋಸೇಫನ ಎಲುಬುಗಳನ್ನು ಸಂಗಡ ಕೊಂಡೊಯ್ದರು. ಮುಳುಗಡೆಯವರು ಬಾಗಿಲನ್ನು ತಂದರು. ತಂದೆತಾಯಿಗಳನ್ನು ಮಣ್ಣುಮಾಡಿದ ಸ್ಥಳವನ್ನು ತರಲಾರದೆ ಹೋದರು. ಅದಕ್ಕಾಗಿ ಅಳುವದು ಅಪನಂಬಿಕೆಯಲ್ಲ. ಹಿಂದಿರುಗಿ ನೋಡಿದ ಲೋಟನ ಹೆಂಡತಿಯ ದೃಷ್ಟಾಂತವನ್ನು ತಂದು, ಹಳೆಯ ಊರನ್ನು ನೆನಸಿ ಅಳುವ ಮುದುಕಿಯನ್ನು ಯಾರೂ ನೋಯಿಸಬಾರದು. ಸೊದೋಮು ಬೇರೆ, ತಾಯ್ನೆಲ ಬೇರೆ.

ಮೂರನೆಯದು, ಬಲಹೀನರ ವಿಷಯ.

ಎಲ್ಲಾ ದಂಡುಗಳ ಹಿಂದೆ ದಾನ್ ಕುಲದವರು ನಡೆದರು. ಹಿಂದೆ ಬಿದ್ದವರನ್ನು ಕೂಡಿಸಿಕೊಳ್ಳುವದೇ ಅವರ ಕೆಲಸ. ಮಿರ್ಯಾಮಳು ಪಾಳೆಯದ ಹೊರಗೆ 7 ದಿನ ಇರಬೇಕಾದಾಗ, ಅವಳು ತಿರಿಗಿ ಬರುವ ತನಕ ಇಡೀ ಜನಾಂಗವು ಹೆಜ್ಜೆ ಇಡದೆ ಕಾದುಕೊಂಡಿತು. ಅವಳದು ತಪ್ಪೇ ಆಗಿದ್ದರೂ ಅವಳನ್ನು ಬಿಟ್ಟುಹೋಗಲಿಲ್ಲ. ಮನೆ ಬದಲಿಸುವ ಕಡೆಯ ವಾರದಲ್ಲಿ ಹೆಂಚಿನ ಲೆಕ್ಕ ಸರಿಯಾಗಿರುತ್ತದೆ, ಪಾತ್ರೆಯ ಲೆಕ್ಕ ಸರಿಯಾಗಿರುತ್ತದೆ. ಮೂಲೆಯಲ್ಲಿ ಕೂತ ಅಜ್ಜಿ ಉಂಡಳೋ ಇಲ್ಲವೋ ಎಂಬದು ಯಾರಿಗೂ ಗೊತ್ತಿರುವದಿಲ್ಲ. ಗರ್ಭಿಣಿಯಾದ ಸೊಸೆಯು ಹೊರೆ ಹೊರುತ್ತಿರುತ್ತಾಳೆ. ಕರು ಹಾಕಿದ ಆಕಳು ಕೊಟ್ಟಿಗೆಯಲ್ಲಿ ಹಸಿದು ಕೂಗುತ್ತಿರುತ್ತದೆ. ಆದದರಿಂದ ಪ್ರತಿ ಮನೆಯಲ್ಲಿ ದಾನ್ ಕುಲದವನೊಬ್ಬನು ಇರಲಿ. ಅವನು ಸಾಮಾನನ್ನು ಮುಟ್ಟದಿರಲಿ, ಜನರನ್ನು ಮಾತ್ರ ನೋಡಿಕೊಳ್ಳಲಿ. ಮನೆಯವರು ಸಾಲದಿದ್ದರೆ ಸಭೆಯು ಆ ಕೆಲಸವನ್ನು ವಹಿಸಿಕೊಳ್ಳಲಿ. ನೆರೆಯವನು ಯಾವ ಜಾತಿಯವನು, ಯಾವ ಮತದವನು ಎಂದು ಆಗ ಕೇಳಬೇಡಿರಿ. ನೀರು ಏರುವಾಗ ಅದು ಯಾರನ್ನೂ ಕೇಳಲಿಲ್ಲ.

ಮೋಶೆಯು ಹೋಬಾಬನನ್ನು ಬೇಡಿಕೊಂಡದ್ದನ್ನೂ ಮರೆಯಬಾರದು. ಮೇಘಸ್ತಂಭವು ಮುಂದೆ ಇದ್ದಾಗಲೂ, ಅರಣ್ಯದಲ್ಲಿ ಇಳುಕೊಳ್ಳುವ ಸ್ಥಳಗಳನ್ನು ಬಲ್ಲವನು ತಮಗೆ ಕಣ್ಣಾಗಿರಬೇಕೆಂದು ಅವನು ಆಶಿಸಿದನು. ಅವನು ಇಸ್ರಾಯೇಲ್ಯನಲ್ಲ, ಮಿದ್ಯಾನ್ಯನು. ಹೊಸ ಊರಿಗೆ ಹೋಗುವವರು ಅಲ್ಲಿನ ಹಳಬನೊಬ್ಬನ ಸ್ನೇಹವನ್ನು ಮೊದಲೇ ಮಾಡಿಕೊಳ್ಳಲಿ. ಬೇಸಗೆಯಲ್ಲಿ ಯಾವ ಬಾವಿ ಬತ್ತುವದು, ಮಳೆಗಾಲದಲ್ಲಿ ಯಾವ ಹಳ್ಳ ಉಕ್ಕುವದು, ಇದನ್ನು ಅವನೇ ಹೇಳಬಲ್ಲನು. ಹಾಗೆಯೇ ನಮ್ಮ ಊರಿಗೆ ಹೊಸಬರು ಬಂದು ಇಳಿದ ದಿನ ನಾವು ಅವರಿಗೆ ಹೋಬಾಬರಾಗೋಣ. ಒಂದು ಕೊಡ ನೀರು, ಒಂದು ಹೊತ್ತಿನ ಗಂಜಿ, ಸೌದೆಯ ಒಂದು ಹೊರೆ, ಇಷ್ಟು ಸಾಕು.

ನಾಲ್ಕನೆಯದು, ಮುಟ್ಟಿದ ಮೇಲಿನ ವಿಷಯ.

ಮೂರು ದಿನದ ಪ್ರಯಾಣ ಮುಗಿದ ಕೂಡಲೇ ಗುಣುಗುಟ್ಟುವದು ಆರಂಭವಾಯಿತೆಂದು 11ನೆಯ ಅಧ್ಯಾಯದಲ್ಲಿ ಓದುತ್ತೇವೆ. ಐಗುಪ್ತದ ಸವತೇಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳು ನೆನಪಿಗೆ ಬಂದವು. ಅಲ್ಲಿನ ಇಟ್ಟಿಗೆಯ ಕೆಲಸ ಮರೆತುಹೋಯಿತು. ಮೋಶೆಯೇ ಸಾಕಾಗಿ, ತನ್ನನ್ನು ಕೊಂದುಬಿಡು ಎಂದು ದೇವರನ್ನು ಬೇಡಿದನು. ಅಷ್ಟು ದೊಡ್ಡ ಭಕ್ತನಿಗೆ ಹೀಗಾದರೆ ನಮಗೆ ಆಗುವದು ಆಶ್ಚರ್ಯವೋ? ಅವಸರವೆಲ್ಲ ಮುಗಿದು ಗಾಡಿ ಹಿಂದಿರುಗಿದ ಮೇಲೆಯೇ ದೇಹದ ಆಯಾಸವೂ ಮನಸ್ಸಿನ ದುಃಖವೂ ತಲೆದೋರುವವು. ಆಗ ದೇವರು ಮೋಶೆಯನ್ನು ಗದರಿಸಲಿಲ್ಲ; ಹೊರೆಯನ್ನು ಪಾಲುಮಾಡಿಕೊಳ್ಳಲು 70 ಮಂದಿ ಹಿರಿಯರನ್ನು ಕೊಟ್ಟನು. ಆದದರಿಂದ ಹೊಸ ಮನೆಗೆ ಬಂದ ಮೊದಲನೆಯ ತಿಂಗಳಲ್ಲಿ ಗಂಡಹೆಂಡಿರು ಒಬ್ಬರ ಮಾತನ್ನು ಒಬ್ಬರು ಹೆಚ್ಚಾಗಿ ಹಿಡಿಯಬಾರದು. ಸಭೆಯ ಹಿರಿಯರು ಆ ಮನೆಗೆ ಒಂದು ಸಾರಿಯಲ್ಲ, ನಾಲ್ಕು ಸಾರಿ ಹೋಗಿಬರಬೇಕು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸರಕಾರದ ನೋಟೀಸು ಮೇಘಸ್ತಂಭವಲ್ಲ. ಬಲವಂತದಿಂದ ಎದ್ದವರಿಗೆ, ಎಲ್ಲಾ ದೇವರ ಚಿತ್ತವೆಂದು ಹೇಳಿ ಬಾಯಿ ಮುಚ್ಚಿಸುವದು ಧರ್ಮೋಪದೇಶವಲ್ಲ. ನಾಡಿಗೆ ದೀಪವನ್ನು ಕೊಟ್ಟವರಲ್ಲಿ ಅನೇಕರು ಕತ್ತಲಲ್ಲಿ ಉಳಿದರು. ಶರಾವತಿಯ ಮುಳುಗಡೆಯಾಗಿ 60 ವರುಷ ದಾಟಿದರೂ, ತಾವು ಉಳುವ ನೆಲಕ್ಕೆ ಹಕ್ಕುಪತ್ರವಿಲ್ಲದೆ ಅಲೆಯುವ ಕುಟುಂಬಗಳು ಇನ್ನೂ ಉಂಟು. ಎದ್ದುಹೋಗದೆ ಉಳಿದವರಿಗಾದರೂ ಸುಖವಿರಲಿಲ್ಲ. ತುಮರಿಯ ಕಡೆಯವರು ಹಿನ್ನೀರಿನ ಆಚೆಯಲ್ಲಿ ದ್ವೀಪದವರಂತಾಗಿ, ರೋಗಿಯನ್ನಾಗಲಿ ಬಸುರಿಯನ್ನಾಗಲಿ ಲಾಂಚಿನಲ್ಲಿಯೇ ದಾಟಿಸಬೇಕಾಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆಯು ತೆರೆದದ್ದು 2025ರ ಜುಲೈ ತಿಂಗಳಿನಲ್ಲಿ. ಇದೇ ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು, ತಮ್ಮ ತಂದೆಯ ಪಾಲಿನ ಭೂಮಿ ತಮಗೆ ಬೇಕೆಂದು ಕೇಳಿದರು. ಅವರು ಕೇಳಿದ್ದು ನ್ಯಾಯವೆಂದು ದೇವರೇ ತೀರ್ಪುಕೊಟ್ಟನು. ಹಕ್ಕನ್ನು ವಿನಯದಿಂದಲೂ ಪಟ್ಟುಹಿಡಿದೂ ಕೇಳುವದು ಗುಣುಗುಟ್ಟುವದಲ್ಲ. ಓದುಬರಹ ಬಲ್ಲವರು ಬಾರದವರ ಅರ್ಜಿಯನ್ನು ಬರೆದುಕೊಡುವದು ದೇವರ ಸೇವೆಯೇ.

ಪ್ರಿಯರೇ, ಈಗಲೂ ನಮ್ಮ ಹಳ್ಳಿಗಳಲ್ಲಿ ಮನೆಗಳು ಏಳುತ್ತಲೇ ಇವೆ. ಕೆಲಸ ವರ್ಗವಾದವರು ಹೋಗುತ್ತಾರೆ. ಸಾಲಕ್ಕೆ ತೋಟ ಮಾರಿದವರು ಹೋಗುತ್ತಾರೆ. ಮಕ್ಕಳ ಕೂಡ ಇರಲು ಮುದಿಪ್ರಾಯದವರು ಬೆಂಗಳೂರಿಗೆ ಹೋಗುತ್ತಾರೆ. ಹೊರಡುವವರ ಕಡೆಯ ವಾರದಲ್ಲಿ ನಾವು ಎಲ್ಲಿರುತ್ತೇವೆ? ಗಾಡಿ ಹೊರಟ ಮೇಲೆ ಬೇಲಿಯ ಆಚೆ ನಿಂತು ನೋಡುವದು ಸುಲಭ. ಹೆಂಚು ಇಳಿಸುವ ದಿನ ಏಣಿಯ ಬುಡವನ್ನು ಹಿಡಿಯುವದೇ ಪ್ರೀತಿ. ಬರಿದಾದ ಮನೆಯಲ್ಲಿ ಕಡೆಯದಾಗಿ ಕೂಡಿ ಮೊಣಕಾಲೂರಿ ಸ್ತೋತ್ರ ಮಾಡಿರಿ. ಹೊಸ ಮನೆಯಲ್ಲಿ ಸಾಮಾನು ಬಿಚ್ಚುವ ಮುಂಚೆ ಪುನಃ ಹಾಗೆಯೇ ಮಾಡಿರಿ. ಈ ಎರಡು ಪ್ರಾರ್ಥನೆಗಳ ನಡುವಿನ ಹಾದಿಯನ್ನು ಕರ್ತನು ಕಾಯುವನು.

ಓ ತಂದೆಯೇ, ತಲೆಯಿಡಲು ಸ್ಥಳವಿಲ್ಲದೆ ನಡೆದ ನಿನ್ನ ಕುಮಾರನು ಅಲೆಯುವವರ ಆಯಾಸವನ್ನು ಬಲ್ಲನು. ಹೊರಡುವವರಿಗೆ ಸಮಾಧಾನವನ್ನೂ, ಮುಟ್ಟಿದವರಿಗೆ ನೆರೆಯವರನ್ನೂ, ನೆಲವಿಲ್ಲದವರಿಗೆ ನ್ಯಾಯವನ್ನೂ ದಯಪಾಲಿಸು. ಆಮೆನ್.