ಬಿದ್ದ ಮೇಲಿನ ಶಂಕೆ

ಮಳೆಗಾಲದಲ್ಲಿ ಪಾಚಿಗಟ್ಟಿದ ಬಚ್ಚಲಕಲ್ಲಿನ ಮೇಲೆ ಕಾಲು ಜಾರುವುದು ನಮ್ಮ ದುಂಡಸಿಯ ಸುತ್ತಿನ ಮನೆಗಳಲ್ಲಿ ದೊಡ್ಡ ಸುದ್ದಿಯೇನಲ್ಲ. ಬಿದ್ದವರು ಮೊಣಕೈ ಊರಿ ಏಳುವರು. ತಲೆಯ ಹಿಂಬದಿಯನ್ನು ಒಮ್ಮೆ ತಡವಿಕೊಳ್ಳುವರು. ಕೈಗೆ ರಕ್ತ ಹತ್ತಲಿಲ್ಲವೆಂದರೆ ‘ಏನೂ ಆಗಿಲ್ಲ’ ಎಂದು ಹೇಳಿ ಪಡಸಾಲೆಗೆ ಬಂದು ಕೂಡುವರು. ಆದರೆ ಆ ಮಾತಿನ ಬೆನ್ನಿಗೇ ಮನಸ್ಸಿನಲ್ಲಿ ಬೇರೊಂದು ಮಾತು ಏಳುತ್ತದೆ: ಏನೂ ಆಗಿಲ್ಲವೆಂಬುದನ್ನು ನಾನು ಬಲ್ಲೆನಾದರೂ ಹೇಗೆ? ಈ ಪ್ರಶ್ನೆಯು ಹೇಡಿಯದೋ ವಿವೇಕಿಯದೋ, ಇದನ್ನು ಎಲ್ಲಿಯ ವರೆಗೆ ಕೇಳುತ್ತಿರುವುದು ಯುಕ್ತ, ಮನೆಯವರು ಇದಕ್ಕೆ ಎಂತಹ ಉತ್ತರವನ್ನು ಕೊಡತಕ್ಕದ್ದು ಎಂಬುದೇ ಇಲ್ಲಿಯ ವಿಚಾರವು.

ಚಿಂತೆಯನ್ನು ಹಳಿಯುವುದು ಸುಲಭ. ಚಿತೆಗೂ ಚಿಂತೆಗೂ ಒಂದು ಬಿಂದುವಿನ ಅಂತರವೆಂದು ಸುಭಾಷಿತಕಾರರು ತೋರಿಸಿದ ಚಮತ್ಕಾರವನ್ನು ವಾಚಕರೆಲ್ಲರೂ ಬಲ್ಲರು. ಚರಕಸಂಹಿತೆಯೂ ರೋಗವನ್ನು ಬೆಳೆಯಿಸುವ ಕಾರಣಗಳಲ್ಲಿ ವಿಷಾದಕ್ಕೇ ಮೊದಲ ಸ್ಥಾನವನ್ನು ಕೊಟ್ಟಿದೆ. ವೇದಾಂತಿಗಳಾದರೋ ಹಗ್ಗವನ್ನು ಹಾವೆಂದು ಕಂಡು ಅಂಜಿದವನ ಮುಂದೆ ದೀಪವನ್ನು ಹಿಡಿಯುತ್ತಾರೆ. ಆದರೆ ಆ ದೃಷ್ಟಾಂತದಲ್ಲಿ ಬಿದ್ದುದು ಹಗ್ಗವೇ ಎಂಬುದು ಕಥೆ ಹೇಳುವವನಿಗೆ ಮೊದಲೇ ಗೊತ್ತಿರುತ್ತದೆ. ತಲೆಗೆ ಪೆಟ್ಟು ಬಿದ್ದ ಮನೆಯಲ್ಲಿ ಕಥೆಗಾರನಿಲ್ಲ. ಇಲ್ಲಿ ಬಹುಮಟ್ಟಿಗೆ ಹಗ್ಗವೇ ಇರುವುದಾದರೂ, ಕ್ವಚಿತ್ತಾಗಿ ನಿಜವಾದ ಹಾವೂ ಇರುವುದುಂಟು.

ಆ ಹಾವು ಎಂತಹದೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ವಯಸ್ಸಾದಂತೆ ಮಿದುಳು ಕೊಂಚ ಕೊಂಚವಾಗಿ ಕುಗ್ಗುತ್ತದೆ. ಅದರ ಮೇಲ್ಮೈಯಿಂದ ಹೊರಪೊರೆಯ ಕಡೆಗೆ ಹಾಯ್ದ ಸಣ್ಣ ರಕ್ತನಾಳಗಳು ಅದರಿಂದ ಬಿಗಿದು ನಿಲ್ಲುತ್ತವೆ. ತರುಣನಿಗೆ ಲೆಕ್ಕಕ್ಕಿಲ್ಲದ ಒಂದು ಏಟು ಮುದುಕನಲ್ಲಿ ಅಂತಹ ನಾಳವೊಂದನ್ನು ಹರಿಯಬಹುದು. ಆಗ ರಕ್ತವು ಹನಿಹನಿಯಾಗಿ ಸೋರಿ, ವಾರಗಳು ಕಳೆದ ಮೇಲೆ, ಬಿದ್ದ ಸಂಗತಿಯೇ ಮರೆತುಹೋದ ಮೇಲೆ, ಮಂಪರು, ಮರೆವು, ನಡಿಗೆಯ ತೂಕ ತಪ್ಪುವುದು, ಒಂದು ಕೈ ಸೋಲುವುದು ಮೊದಲಾದ ರೂಪಗಳಿಂದ ಕಾಣಿಸಿಕೊಳ್ಳುತ್ತದೆ. ಹೃದಯದ ಬೇನೆಗಾಗಿ ರಕ್ತವು ಹೆಪ್ಪುಗಟ್ಟದಂತೆ ಗುಳಿಗೆ ನುಂಗುವವರಲ್ಲಿ ಈ ಭಯವು ಹೆಚ್ಚು. ಸುಶ್ರುತನು ಶರೀರದ 107 ಮರ್ಮಗಳನ್ನು ಎಣಿಸುವಾಗ ಕೂಡಲೆ ಪ್ರಾಣ ತೆಗೆಯುವ 19ನ್ನೂ, ಪಕ್ಷವೋ ಮಾಸವೋ ಕಳೆದು ಪ್ರಾಣ ತೆಗೆಯುವ 33ನ್ನೂ ಬೇರೆ ಬೇರೆಯಾಗಿ ವಿಂಗಡಿಸಿದ್ದಾನೆ. ಇಂದಿನ ಶಾರೀರಶಾಸ್ತ್ರಕ್ಕೂ ಆ ಪಟ್ಟಿಗೂ ಗಂಟು ಹಾಕುವ ಉತ್ಸಾಹ ನನಗಿಲ್ಲ. ಪೆಟ್ಟು ಒಂದು ದಿನ, ಫಲ ಇನ್ನೊಂದು ದಿನ ಎಂಬ ಅರಿವು ಹಳೆಯದೆಂದಷ್ಟೇ ನನ್ನ ಮಾತು. ಹರೆಯದವರಿಗೂ ಇದು ತಪ್ಪಿದ್ದಲ್ಲ. 2009ರ ಮಾರ್ಚ್ ತಿಂಗಳಲ್ಲಿ ನಟಾಶಾ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ನಟಿಯು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಹಿಮದ ಮೇಲೆ ಜಾರುವ ಆಟವನ್ನು ಕಲಿಯುತ್ತಿದ್ದಾಗ ಬಿದ್ದು, ತಾನು ನೆಟ್ಟಗಿರುವೆನೆಂದು ಹೇಳಿ ವೈದ್ಯರನ್ನು ಬೇಡವೆಂದಳು. ತಲೆಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ತುಂಬಿ ಎರಡೇ ದಿನಗಳಲ್ಲಿ ಆಕೆ ತೀರಿಕೊಂಡಳು. ವಯಸ್ಸು 45.

ಕುತ್ತಿಗೆಯ ವಿಷಯವನ್ನು ಎರಡು ಮಾತಿನಲ್ಲಿ ಹೇಳಬಹುದು. ಕುತ್ತಿಗೆಯ ನಡು ಎಲುಬನ್ನು ಮುಟ್ಟಿದರೆ ನೋವಾಗುವುದು, ಕೈಕಾಲು ಜುಮ್ಮೆನ್ನುವುದು, ಕತ್ತನ್ನು ಎಡಕ್ಕೂ ಬಲಕ್ಕೂ 45 ಅಂಶದಷ್ಟು ತಾನಾಗಿ ಹೊರಳಿಸಲಾಗದಿರುವುದು, ಇವು ಅಲಕ್ಷಿಸತಕ್ಕ ಲಕ್ಷಣಗಳಲ್ಲ. ಬಿದ್ದವನನ್ನು ಕಂಕುಳಿಗೆ ಕೈಕೊಟ್ಟು ಜಗ್ಗಿ ಎಬ್ಬಿಸುವ, ಆ ಮೇಲೆ ಕ್ಷೌರಿಕನಿಂದ ಕತ್ತಿನ ಲಟಿಗೆ ಮುರಿಸುವ ನಮ್ಮ ಜನರ ಪರೋಪಕಾರವು ಬೀಳುವುದಕ್ಕಿಂತಲೂ ಭಯಂಕರವಾದುದು.

ಹೀಗಿರಲು ಸಂಶಯವು ದೋಷವಲ್ಲ. ಗೌತಮನ ನ್ಯಾಯಸೂತ್ರಗಳಲ್ಲಿ 16 ಪದಾರ್ಥಗಳುಂಟಷ್ಟೆ. ಅವುಗಳಲ್ಲಿ ಸಂಶಯವು ಮೂರನೆಯದು, ನಿರ್ಣಯವು ಒಂಬತ್ತನೆಯದು. ಸಂಶಯವಿಲ್ಲದಲ್ಲಿ ವಿಚಾರಕ್ಕೆ ಕಾಲಿಡಲು ಎಡೆಯೇ ಇಲ್ಲವೆಂದು ಆ ಶಾಸ್ತ್ರಕಾರರ ಮತ. ಬಿದ್ದವನ ಸಂಶಯಕ್ಕೆ ಈಗ ಪ್ರಮಾಣಗಳೂ ದೊರೆಯುತ್ತವೆ. ತಲೆಯೊಳಗನ್ನು ತೋರಿಸುವ ಸಿ.ಟಿ. ಸ್ಕ್ಯಾನ್ ಯಂತ್ರದ ಮುಂದೆ ಮೊದಲ ರೋಗಿಯು ಮಲಗಿದ್ದು 1971ರಲ್ಲಿ, ಲಂಡನ್ನಿನಲ್ಲಿ. ಇಂದು ಹುಬ್ಬಳ್ಳಿಯಲ್ಲಿ ಅದು ಸಾಮಾನ್ಯ. 2001ರಲ್ಲಿ ಕೆನಡಾದ ವೈದ್ಯರು ಪ್ರಕಟಿಸಿದ ನಿಯಮವು, ಪೆಟ್ಟಿನಿಂದ ಎಚ್ಚರ ತಪ್ಪಿದವರಲ್ಲಿ, ನೆನಪು ಹೋದವರಲ್ಲಿ ಅಥವಾ ದಿಕ್ಕುಗೆಟ್ಟವರಲ್ಲಿ 65 ವರ್ಷ ತುಂಬಿದವರನ್ನು ವಯಸ್ಸಿನ ಕಾರಣದಿಂದಲೇ ಅಪಾಯದ ಪಂಕ್ತಿಯಲ್ಲಿ ಕೂಡಿಸುತ್ತದೆ. ಆದುದರಿಂದ ಮುದುಕನು ತನ್ನ ಪೆಟ್ಟನ್ನು ಬಾಯಿಬಿಟ್ಟು ಹೇಳುವುದು ಹೇಡಿತನವಲ್ಲ.

ಹೇಳದಿರುವುದೇ ಪ್ರಶ್ನೆಗೆ ಒಳಗಾಗತಕ್ಕದ್ದು. ಮಕ್ಕಳಿಗೆ ತೊಂದರೆಯೇಕೆ, ಕೆಲಸ ಬಿಟ್ಟು ಓಡಿ ಬರುವರು, ದುಡ್ಡು ಕಳೆಯುವುದು ಎಂದು ಹಿರಿಯರು ಬಿದ್ದುದನ್ನು ಮುಚ್ಚಿಡುತ್ತಾರೆ. ನೋಡುವವರು ಅದನ್ನು ಧೈರ್ಯವೆಂದು ಹೊಗಳುತ್ತಾರೆ. ನನಗೆ ಆ ಹೊಗಳಿಕೆಯು ಒಪ್ಪಿಗೆಯಿಲ್ಲ. ಕಾಲಿಗೆ ಪೆಟ್ಟಾದರೆ ಅದನ್ನು ಪರೀಕ್ಷಿಸುವ ಬುದ್ಧಿಯಾದರೂ ಸ್ವಸ್ಥವಾಗಿರುತ್ತದೆ. ತಲೆಗೆ ಪೆಟ್ಟಾದಾಗ ಪರೀಕ್ಷೆಗೆ ಒಳಗಾಗತಕ್ಕ ಅಂಗವೂ ಪರೀಕ್ಷಕನೂ ಒಂದೇ ಆಗಿಬಿಡುತ್ತವೆ. ತನಗೆ ಮಂಪರು ಕವಿದಿದೆಯೆಂಬುದು ಮಂಪರಿನವನಿಗೆ ತಿಳಿಯದು. ಮಾತು ತಡವರಿಸಿದ್ದು ಅವನ ಕಿವಿಗೆ ಸರಿಯಾಗಿಯೇ ಕೇಳಿಸೀತು. ಕಣ್ಣು ತನ್ನನ್ನು ತಾನು ಕಾಣದೆಂಬ ನ್ಯಾಯವು ಇಲ್ಲಿ ಅಕ್ಷರಶಃ ಸತ್ಯ. ಆದುದರಿಂದ ಇನ್ನೊಬ್ಬರಿಗೆ ಹೇಳುವುದು ಅವರ ಮೇಲೆ ಹೊರಿಸುವ ಹೊರೆಯೆಂದು ತಿಳಿಯಬಾರದು. ತನ್ನಲ್ಲಿಲ್ಲದ ಪ್ರಮಾಣವನ್ನು ಬೇಡಿ ಪಡೆಯುವ ದಾರಿಯೇ ಅದು.

ಇನ್ನು ನಿರ್ಣಯವಾದ ಮೇಲೂ ನಿಲ್ಲದ ಶಂಕೆಯ ಮಾತು. ನಮ್ಮ ಓಣಿಯ ಹಿರಿಯರೊಬ್ಬರು ಹೀಗೆಯೇ ಬಿದ್ದರು. ವೈದ್ಯರು ನೋಡಿದರು, ಸ್ಕ್ಯಾನೂ ಆಯಿತು, ಏನೂ ಕಾಣಿಸಲಿಲ್ಲ. ಆದರೂ ಅವರು ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು ಮಗನನ್ನು ಎಬ್ಬಿಸಿ, ‘ನನಗೇನೂ ಆಗೂದಿಲ್ಲಲ್ಲಾ?’ ಎಂದು ಕೇಳುವರು. ‘ಏನೂ ಆಗೂದಿಲ್ಲಪ್ಪಾ’ ಎಂದು ಮಗನು ಹೇಳುವನು. ಮರುರಾತ್ರಿ ಮತ್ತೆ ಅದೇ. ಇಂತಹ ಶಂಕೆಗೆ ಮೇರೆಯೆಲ್ಲಿ? ಹತ್ತನೆಯ ಶತಮಾನದ ಉದಯನಾಚಾರ್ಯನು ಅನುಮಾನಪ್ರಮಾಣವನ್ನು ಎತ್ತಿಹಿಡಿಯುವಾಗ ಇದಕ್ಕೊಂದು ಉತ್ತರ ಕೊಟ್ಟನು: ಮನುಷ್ಯನ ಸ್ವಂತ ನಡವಳಿಕೆಗೆ ವಿರೋಧ ಬಂದಲ್ಲಿ ಶಂಕೆಯು ನಿಲ್ಲತಕ್ಕದ್ದು. ಹೊಗೆ ಬೇಕಾದವನು ಬೆಂಕಿಯನ್ನೇ ತರುತ್ತಾನೆ, ಹಸಿದವನು ಅನ್ನವನ್ನೇ ಉಣ್ಣುತ್ತಾನೆ. ಹಾಗಿರುವಾಗ ಕಾರ್ಯಕಾರಣಗಳನ್ನು ಶಂಕಿಸುವೆನೆಂಬುದು ಬರಿಯ ಬಾಯಿಮಾತು. ಹನ್ನೆರಡನೆಯ ಶತಮಾನದ ಶ್ರೀಹರ್ಷನು ಅದೇ ಮಾತನ್ನು ತಿರುಗಿಸಿ ಹಿಡಿದನು: ಆ ವಿರೋಧವು ನಿಲ್ಲುವುದೇ ಶಂಕೆಯ ಆಸರೆಯಿಂದ, ಅದು ಶಂಕೆಗೆ ಮೇರೆ ಹೇಗಾದೀತು? ಎರಡು ಗಂಟೆಯ ರಾತ್ರಿಯಲ್ಲಿ ಶ್ರೀಹರ್ಷನೇ ಗೆಲ್ಲುವನೆಂದು ನಾನು ಒಪ್ಪುತ್ತೇನೆ. ಆದರೆ ಮುಂಜಾನೆ ಆ ಹಿರಿಯರು ನಿಶ್ಶಂಕೆಯಿಂದ ರೊಟ್ಟಿ ತಿಂದು ಶಿಗ್ಗಾಂವಿಯ ಸಂತೆಗೆ ಬಸ್ಸು ಹತ್ತುತ್ತಾರೆ. ಉದಯನನು ಶಂಕೆಯನ್ನು ಮನಸ್ಸಿನಿಂದ ಓಡಿಸಲಾರನು, ಅದರ ಕೈಯಿಂದ ಅಧಿಕಾರವನ್ನು ಮಾತ್ರ ಕಸಿದುಕೊಳ್ಳಬಲ್ಲನು. ಅಷ್ಟೂ ಸಣ್ಣದಲ್ಲ.

ಮಗನ ಉತ್ತರದಲ್ಲಿ ಪ್ರೀತಿಯಿತ್ತು, ಸತ್ಯವಿರಲಿಲ್ಲ. ಮುದುಕರಲ್ಲಿ ಒಂದು ಸ್ಕ್ಯಾನು ನೆಟ್ಟಗಿದ್ದರೂ ಮುಂದಿನ ಕೆಲವು ವಾರಗಳ ಮಟ್ಟಿಗೆ ಎಚ್ಚರವು ಬೇಕೇ ಬೇಕು. ‘ಏನೂ ಆಗೂದಿಲ್ಲ’ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಕೇಳುವವನೂ ಅದನ್ನು ಒಳಗೊಳಗೆ ಬಲ್ಲನಾದುದರಿಂದ ಆ ಉತ್ತರವು ಒಂದು ರಾತ್ರಿಗಿಂತ ಹೆಚ್ಚು ಬಾಳುತ್ತಿರಲಿಲ್ಲ. ಕೊನೆಗೆ ಸೊಸೆಯೇ ಒಂದು ರಾತ್ರಿ ಎದ್ದು ಬಂದು, ‘ತಲಿನೋವು ಹೆಚ್ಚಾದರ, ವಾಂತಿ ಆದರ, ಕೈ ಸೋತರ ಆ ಕ್ಷಣಾನ ನೂರಾ ಎಂಟಕ್ಕ ಫೋನ್ ಮಾಡಿ ಹುಬ್ಬಳ್ಳಿಗೆ ಕರಕೊಂಡು ಹೋಗ್ತೀವ್ರಿ ಮಾಮಾರ. ನೋಡಾಕ ನಾವದೀವಿ. ನೀವು ಮಲಗ್ರಿ’ ಎಂದಳು. ಆಕೆಯು ಶಂಕೆಯನ್ನು ಸುಳ್ಳೆನ್ನಲಿಲ್ಲ. ಅದನ್ನು ಕಾಯುವ ಕೆಲಸವನ್ನು ಅವರಿಂದ ತಾನು ವಹಿಸಿಕೊಂಡಳು. ಆ ಮೇಲೂ ಹಿರಿಯರು ಎರಡು ಮೂರು ರಾತ್ರಿ ಎದ್ದರಂತೆ, ಆದರೆ ಯಾರನ್ನೂ ಎಬ್ಬಿಸಲಿಲ್ಲ.

ಅಂತಹ ಸೊಸೆಯಿಲ್ಲದ ಮನೆಗಳು ಈಗ ನಮ್ಮ ಹಳ್ಳಿಗಳಲ್ಲಿ ಬಹಳ. ಮಕ್ಕಳು ಬೆಂಗಳೂರಲ್ಲಿ, ಪುಣೆಯಲ್ಲಿ. ಇಲ್ಲಿ ಒಬ್ಬರೇ ಮುದುಕರು, ಒಂದು ಬಚ್ಚಲು. ಅವರ ಬುದ್ಧಿಯನ್ನು ಪರೀಕ್ಷಿಸುವ ಎರಡನೆಯ ಬುದ್ಧಿ ಯಾರದು? ಫೋನಿನಲ್ಲಿ ಮಗನಿಗೆ ಕೇಳಿಸುವುದು ‘ಆರಾಮ’ ಎಂಬ ಒಂದೇ ಶಬ್ದ. ಹಾಗೆ ಒಂಟಿಯಾಗಿದ್ದು ಬಿದ್ದ ವೃದ್ಧೆಯೊಬ್ಬರ ಮನೆಗೆ ಹಾಲು ಕೊಡುವ ಹುಡುಗನು ಒಂದು ತಿಂಗಳ ಪರ್ಯಂತ ದಿನಾಲು ಹೊಸ್ತಿಲಲ್ಲಿ ನಿಂತು, ‘ಅಜ್ಜೀ, ಇವತ್ತ ಯಾವ ವಾರ?’ ಎಂದು ಕೇಳಿ, ಉತ್ತರ ಸರಿಯಾಗಿ ಬಂದ ಮೇಲೆಯೇ ಹಾಲು ಹಾಕುತ್ತಿದ್ದನು.