ನೀರು ನಿಲ್ಲದ ಬಾನೆಟ್ಟು

ನಮ್ಮ ಹುಣಸೂರು ಕಡೆ ಕಾರಿಟ್ಟುಕೊಂಡವರಿಗೆ ಒಂದು ಬೆಳಗಿನ ಚಾಳಿ ಉಂಟು. ಕಾಫಿ ಕುಡಿಯುವ ಮೊದಲೇ ಹಳೆಯ ಬನಿಯನ್ನನ್ನೋ ಹರಿದ ಪಂಚೆಯ ತುಂಡನ್ನೋ ಕೈಲಿ ಹಿಡಿದು ಬಂದು, ರಾತ್ರಿಯೆಲ್ಲ ಕೂತ ಧೂಳನ್ನು ಬಾನೆಟ್ಟಿನಿಂದ ಡಿಕ್ಕಿಯವರೆಗೆ ನೀರು ಸೋಕಿಸದೆಯೇ ಜೋರಾಗಿ ಒರೆಸಿಬಿಡುವುದು. ಗಾಡಿ ಮಿಂಚುತ್ತದೆ, ಮನಸ್ಸಿಗೂ ಸಮಾಧಾನ. ಎರಡು ವರ್ಷ ಕಳೆದ ಮೇಲೆ ಅದೇ ಬಾನೆಟ್ಟನ್ನು ಇಳಿಬಿಸಿಲಿನಲ್ಲಿ ಸ್ವಲ್ಪ ಓರೆಯಾಗಿ ನೋಡಬೇಕು. ಒರೆಸಿದ ಕೈ ಎಷ್ಟು ಸುತ್ತು ಸುತ್ತಿತ್ತೋ ಅಷ್ಟೂ ಸುತ್ತಿನ ಸಣ್ಣ ಸಣ್ಣ ಗೀರುಗಳು ಅಲ್ಲಿ ಬರೆದಿಟ್ಟಂತೆ ಕಾಣುತ್ತವೆ.

ತಪ್ಪು ನಮ್ಮ ಮಣ್ಣಿನದಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕೆಂಪು ಮರಳುಮಿಶ್ರಿತ ಹಗುರ ಮಣ್ಣು ಹೊಗೆಸೊಪ್ಪಿಗೆ ಚೆನ್ನಾಗಿ ಒಗ್ಗುತ್ತದೆ. ಅದನ್ನು ನಂಬಿಯೇ ಇಲ್ಲಿ ಸೊಪ್ಪು ಹದಮಾಡುವ ಬ್ಯಾರನ್‌ಗಳು ಎದ್ದಿವೆ, ತಂಬಾಕು ಮಂಡಳಿಯ ಹರಾಜು ಕಟ್ಟೆಗಳು ನಡೆಯುತ್ತಿವೆ. ಆ ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಕಣ ಇರುತ್ತದೆ. ಗಡಸುತನದ ಅಳತೆಯಲ್ಲಿ ಬೆಣಚುಕಲ್ಲಿಗೆ 7ನೇ ಸ್ಥಾನ, ಮಾಮೂಲಿ ಚಾಕುವಿನ ಉಕ್ಕು ಅದಕ್ಕಿಂತ ಕೆಳಗೆ. ಕಾರಿನ ಬಣ್ಣದ ಮೇಲೆ ಕೊನೆಯದಾಗಿ ಹೊಡೆದ ಪಾರದರ್ಶಕ ಪದರ ಇದೆಯಲ್ಲ, ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಅಂತರಸಂತೆಯ ರಸ್ತೆಯಲ್ಲೋ ವೀರನಹೊಸಹಳ್ಳಿಯ ರಸ್ತೆಯಲ್ಲೋ ಬೇಸಿಗೆಯಲ್ಲಿ ಒಮ್ಮೆ ಹೋಗಿಬಂದ ಗಾಡಿಯನ್ನು ಒಣಬಟ್ಟೆಯಲ್ಲಿ ಒರೆಸುವುದಕ್ಕೂ ಆ ಪದರವನ್ನು ಉಜ್ಜುಕಾಗದದಲ್ಲಿ ತಿಕ್ಕುವುದಕ್ಕೂ ಬಹಳ ದೂರವಿಲ್ಲ.

ಈಗೀಗ ಬಿಡಿಭಾಗದ ಅಂಗಡಿಗಳಲ್ಲಿ ಸ್ಪ್ರೇ ವ್ಯಾಕ್ಸ್ ಬಾಟಲಿಗಳು ಸಾಲಾಗಿ ನಿಂತಿವೆ. ಕುದುರೆ ಒತ್ತಿದರೆ ಪುಸ್ಸೆಂದು ಹನಿಯಾಗಿ ಚಿಮ್ಮುತ್ತದೆ, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಲ್ಲಿ ಹರಡಿದರೆ ಹತ್ತು ನಿಮಿಷದಲ್ಲಿ ಗಾಡಿ ಶೋರೂಮಿನಿಂದ ಇಳಿದಂತೆ ಆಗುತ್ತದೆ. ಹಿಂದೆ ಅಂಬಾಸಡರ್ ಕಾಲದಲ್ಲಿ ಡಬ್ಬಿಯ ಗಟ್ಟಿ ಮೇಣವನ್ನು ಸ್ಪಂಜಿಗೆ ಹತ್ತಿಸಿಕೊಂಡು ಭುಜ ಸೋಲುವಷ್ಟು ತಿಕ್ಕಬೇಕಿತ್ತು. ಮೇಲೆ ಪಾರದರ್ಶಕ ಪದರ ಇಲ್ಲದ ಆ ಬಣ್ಣಗಳಲ್ಲಿ ಪಾಲಿಷ್ ಬಟ್ಟೆಗೆ ಬಣ್ಣವೇ ಬಂದುಬಿಡುತ್ತಿತ್ತು. ಈಗ ಆ ಕಷ್ಟವಿಲ್ಲ. ಬಾಟಲಿಯಲ್ಲಿರುವುದು ಹೆಚ್ಚಿನ ಪಾಲು ನೀರು. ಅದರಲ್ಲಿ ಸಿಲಿಕೋನ್ ಅಥವಾ ಅಂಥದ್ದೇ ಪಾಲಿಮರ್, ಒಂದಿಷ್ಟು ಮೇಣ, ಇವೆರಡನ್ನು ನೀರಿನಲ್ಲಿ ಬೆರೆಸಿಡುವ ಇನ್ನೇನೋ. ನೀರು ಆರಿದ ಮೇಲೆ ಉಳಿಯುವ ಪೊರೆ ಒಂದು ಮೈಕ್ರಾನಿಗಿಂತಲೂ ತೆಳು. ಕೆಲವು ವಾರ ನಿಂತರೆ ಹೆಚ್ಚು. ಲೇಬಲ್ಲಿನ ಮೇಲೆ ‘ಸೆರಾಮಿಕ್’ ಎಂದು ದಪ್ಪಕ್ಷರದಲ್ಲಿ ಬರೆದ ಮಾತ್ರಕ್ಕೆ ಬಾಟಲಿಯೊಳಗೆ ಪಿಂಗಾಣಿ ಇದೆ ಎಂದುಕೊಳ್ಳಬೇಕಿಲ್ಲ.

ಆ ಮೇಣಗಳಲ್ಲಿ ಹೆಸರುವಾಸಿಯಾದದ್ದು ಕಾರ್ನಾಬಾ. ಅದನ್ನು ಕೊಡುವುದು ಬ್ರೆಜಿಲಿನ ಈಶಾನ್ಯದ ಬರಸೀಮೆಯಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರ. ಮೈಯ ನೀರು ಆರಿಹೋಗದಿರಲೆಂದು ಅದು ಗರಿಗಳ ಮೇಲೆ ಮೇಣದ ಪುಡಿ ಹೊದ್ದುಕೊಳ್ಳುತ್ತದೆ. ಗರಿ ಕಡಿದು, ಬಿಸಿಲಿಗೆ ಒಣಗಿಸಿ, ಬಡಿದು ಪುಡಿ ಉದುರಿಸಿ, ಕರಗಿಸಿ ಸೋಸುತ್ತಾರೆ. ಅಮೆರಿಕದ ಪಾಲಿಷ್ ಕಂಪನಿ ಎಸ್.ಸಿ. ಜಾನ್ಸನ್‌ನ ಯಜಮಾನ ಹರ್ಬರ್ಟ್ ಜಾನ್ಸನ್ 1935ರಲ್ಲಿ ನೀರಿನ ಮೇಲೂ ಇಳಿಯಬಲ್ಲ ಪುಟ್ಟ ವಿಮಾನ ಹತ್ತಿ, ವಿಸ್ಕಾನ್ಸಿನ್ನಿನಿಂದ ಬ್ರೆಜಿಲ್‌ವರೆಗೆ ಈ ಮರ ಹುಡುಕಿಕೊಂಡೇ ಹಾರಿದ್ದ. ಅಷ್ಟು ದೂರ ಹೋಗಲು ಕಾರಣವೂ ಇತ್ತು. ಈ ಮೇಣ ಕರಗಲು 80 ಡಿಗ್ರಿ ದಾಟಬೇಕು. ನಮ್ಮ ನಾಗರಹೊಳೆ ಅಂಚಿನ ಜೇನುಕುರುಬರು ಇಳಿಸುವ ಹೆಜ್ಜೇನಿನ ಮೇಣ ಎಷ್ಟೇ ಸೊಗಸಾದರೂ 65 ಡಿಗ್ರಿಯೊಳಗೇ ಕರಗಿಬಿಡುತ್ತದೆ. ಏಪ್ರಿಲ್ ಬಿಸಿಲಿಗೆ ನಿಂತ ಕಪ್ಪು ಕಾರಿನ ಬಾನೆಟ್ಟು ಅದರ ಹತ್ತಿರಕ್ಕೆ ಬಂದುಬಿಡುತ್ತದೆ.

ಬ್ರೆಜಿಲಿನ ಮಾತು ಹಾಗಿರಲಿ. ಗಿಡದ ಮೇಣ ನೋಡಲು ಕೆ.ಆರ್. ನಗರದ ಬಯಲಿಗೆ ಹೋದರೆ ಸಾಕು. ಕಬ್ಬಿನ ಗಿಣ್ಣಿನ ಕೆಳಗೆ ಬೆರಳಾಡಿಸಿದರೆ ಬಿಳೀ ಪುಡಿ ಹತ್ತುತ್ತದಲ್ಲ, ಅದು ಮೇಣ. ಗಾಣಕ್ಕೆ ಹಾಕುವಾಗ ಕಬ್ಬಿನ ಮೈಯಲ್ಲಿರುವುದು, ಕಾರ್ಖಾನೆಯಲ್ಲಿ ರಸ ತಿಳಿಯಾಗುವಾಗ ಮಡ್ಡಿಯ ಜೊತೆ ಹೊರಟುಹೋಗುತ್ತದೆ. ರೈತರು ಗದ್ದೆಗೆ ಗೊಬ್ಬರವೆಂದು ಹೊಡೆಸುವ ಪ್ರೆಸ್‌ಮಡ್ಡಿನಲ್ಲಿ ಅದು ಇದ್ದೇ ಇರುತ್ತದೆ. ಹೊರದೇಶಗಳಲ್ಲಿ ಅದನ್ನು ಬೇರ್ಪಡಿಸಿ ಪಾಲಿಷ್‌ಗೆ ಬಳಸಿದ್ದೂ ಉಂಟು. ಬೆಳಗ್ಗೆ ನಾಲೆಯ ಬದಿಯ ಭತ್ತದ ಗದ್ದೆಗೆ ಬಗ್ಗಿ ನೋಡಿದರೆ ಇಬ್ಬನಿ ಗರಿಯ ಉದ್ದಕ್ಕೆ ಸಲೀಸಾಗಿ ಜಾರುತ್ತದೆ, ಅಡ್ಡಕ್ಕೆ ಜಾರಲು ಒಪ್ಪುವುದಿಲ್ಲ. ಹಿತ್ತಿಲ ಬಚ್ಚಲುನೀರಿಗೆ ಬೆಳೆದ ಕೆಸವಿನ ಎಲೆಯ ಮೇಲಂತೂ ಹನಿ ನಿಲ್ಲುವುದೇ ಇಲ್ಲ; ಜಾರುವಾಗ ಧೂಳನ್ನೂ ಎಳೆದುಕೊಂಡು ಹೋಗುತ್ತದೆ. ತಾವರೆಯ ಎಲೆ ಕೊಳೆಯಾಗದಿರುವುದರ ಗುಟ್ಟೂ ಇದೇ ಎಂದು, ಎಲೆಯ ಮೇಲಿನ ಕಣ್ಣಿಗೆ ಕಾಣದ ಉಬ್ಬುತಗ್ಗು ಮತ್ತು ಅದರ ಮೇಲಿನ ಮೇಣ ಎರಡೂ ಸೇರಿ ಈ ಕೆಲಸ ಮಾಡುತ್ತವೆ ಎಂದು, ಜರ್ಮನಿಯ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಬಾರ್ಥ್‌ಲಾಟ್ ಮತ್ತು ಅವರ ಸಂಗಡಿಗರು 1997ರಲ್ಲಿ ವಿವರವಾಗಿ ಬರೆದರು.

ಇನ್ನೊಂದಿದೆ. ಆಯುಧಪೂಜೆಯ ದಿನ ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಕೊನೆಗೆ ನಿವಾಳಿಸಿ ಒಡೆಯುತ್ತೇವಲ್ಲ ಬೂದುಗುಂಬಳ, ಅದರ ಮೈಮೇಲಿನ ಬೂದಿಯೂ ಮೇಣವೇ. ಎಳೆಯ ಕಾಯಿಗೆ ಮೈತುಂಬ ಸಣ್ಣ ಕೂದಲು. ಬಲಿತಂತೆ ಕೂದಲು ಉದುರಿ ಬಿಳಿ ಪುಡಿ ಏರುತ್ತದೆ. ಅಟ್ಟದ ತೊಲೆಗೆ ನೇತುಹಾಕಿದ ಕಾಯಿ ತಿಂಗಳುಗಟ್ಟಲೆ ಕೆಡದೆ ಇರುವುದು ಆ ಹೊದಿಕೆಯ ದಯೆಯಿಂದ. ಹೊಳಪಿಲ್ಲದ ಮೇಣ ಅದು, ಮಾಸಲು. ಅಂಗಡಿಯ ಬಾಟಲಿ ನಮಗೆ ಹೊಳಪನ್ನು ಮಾರುತ್ತದೆ, ಆದರೆ ಮೇಣದ ನಿಜವಾದ ಕಸುಬು ಹೊಳೆಯುವುದಲ್ಲ, ನೀರನ್ನು ಒಳಗೋ ಹೊರಗೋ ತಡೆಯುವುದು ಎನ್ನುವುದನ್ನು ಕುಂಬಳಕಾಯಿ ನೋಡಿಯೇ ತಿಳಿಯಬಹುದು. ಪೂಜೆಯ ದಿನ ಹೊಸದಾಗಿ ಮೇಣ ಹೊಡೆಸಿದ ಕಾರಿನೆದುರು ಅದಕ್ಕಿಂತ ಚೆನ್ನಾದ ಮೇಣದ ಕಾಯಿಯನ್ನು ನೆಲಕ್ಕಪ್ಪಳಿಸಿ, ಹೋಳುಗಳ ಮೇಲೆ ಸ್ಕೂಟರು ಜಾರುವಂತೆ ಮಾಡಿ ಬರುತ್ತೇವೆ. ಇದು ಪ್ರತಿವರ್ಷ ಪೊಲೀಸರು ಕೈಮುಗಿದು ಕೇಳಿಕೊಳ್ಳುವ ವಿಷಯ, ನಾನು ಮತ್ತೆ ಹೇಳುವುದಿಲ್ಲ.

ಹೊಲದವನಿಗೆ ಈ ಮೇಣವೇ ತಲೆನೋವು. ಕೋಸಿಗೋ ಭತ್ತಕ್ಕೋ ಔಷಧಿ ಹೊಡೆದರೆ ಎಲೆಯ ಮೇಲೆ ನಿಲ್ಲದೆ ಮುತ್ತು ಮುತ್ತಾಗಿ ಉರುಳಿ ನೆಲಕ್ಕೆ ಬೀಳುತ್ತದೆ, ದುಡ್ಡೂ ನೆಲಕ್ಕೆ. ಅದಕ್ಕೇ ಕ್ಯಾನಿಗೆ ಔಷಧಿಯ ಜೊತೆ ಗಮ್ ಬೆರೆಸುತ್ತಾರೆ, ಅದು ಸಿಗದಿದ್ದರೆ ಒಂದು ರೂಪಾಯಿಯ ಶಾಂಪೂ ಪ್ಯಾಕೆಟ್ಟು ಹರಿದು ಹಾಕುತ್ತಾರೆ. ಸೋಪು ಸೇರಿದ ನೀರಿಗೆ ಮೇಣದ ಮೇಲೂ ಹರಡಿಕೊಳ್ಳುವ ಗುಣ ಬರುತ್ತದೆ. ಒಂದೇ ಮನೆಯ ಅಪ್ಪ ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು ಹನಿ ಎಲೆಗೆ ಅಂಟಲೆಂದು ಹೊಡೆಯುತ್ತಿದ್ದರೆ, ಮಗ ಅಂಗಳದಲ್ಲಿ ಕೈ ಸ್ಪ್ರೇ ಹಿಡಿದು ಹನಿ ಕಾರಿಗೆ ಅಂಟದಿರಲೆಂದು ಹೊಡೆಯುತ್ತಿರುತ್ತಾನೆ. ಇಬ್ಬರ ಲೆಕ್ಕವೂ ಒಂದೇ, ದಿಕ್ಕು ಬೇರೆ.

ಈ ಲೆಕ್ಕ ಗೊತ್ತಿರುವ ರೈತ ಕಾರು ತೊಳೆಯುವಾಗ ಮಾತ್ರ ಯಾಕೋ ಮರೆತುಬಿಡುತ್ತಾನೆ. ಭಾನುವಾರ ಮೇಣ ಹೊಡೆಯುತ್ತಾನೆ. ಮುಂದಿನ ಭಾನುವಾರ ಬಕೆಟ್ಟಿಗೆ ಬಟ್ಟೆ ಒಗೆಯುವ ಪುಡಿಯನ್ನೋ ಪಾತ್ರೆಯ ಸೋಪನ್ನೋ ಕಲಸಿ ಗಾಡಿ ತೊಳೆಯುತ್ತಾನೆ. ಎಲೆಯ ಮೇಣವನ್ನು ಸೋಲಿಸುವ ಸೋಪು ಕಾರಿನ ಮೇಣವನ್ನು ಬಿಟ್ಟೀತೆ? ಪೊರೆ ಎದ್ದುಹೋಗುತ್ತದೆ, ಬಾಟಲಿ ತಯಾರಿಸಿದವನಿಗೆ ಬೈಗುಳ. ಕಾರಿಗೆಂದೇ ಮಾಡಿದ ಶಾಂಪೂ ಸ್ವಲ್ಪ ಸೌಮ್ಯ. ಅದೂ ಇಲ್ಲವಾದರೆ ಬರೀ ನೀರೇ ಮೇಲು.

ನೀರಿನದೂ ಒಂದು ಕಥೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಸುಣ್ಣದ ಅಂಶ ಇರುತ್ತದೆ. ಮೇಣ ಹೊಡೆದ ಬಾನೆಟ್ಟಿನ ಮೇಲೆ ಹನಿಗಳು ಚೆಂದವಾಗಿ ಗುಂಡಗೆ ಕೂರುತ್ತವೆ, ಕೆಸವಿನ ಎಲೆಯಲ್ಲಿ ಉರುಳಿದಂತೆ ಉರುಳಿಬಿಡುವುದಿಲ್ಲ. ಉಬ್ಬುತಗ್ಗಿನ ಅರ್ಧ ಗುಟ್ಟು ಬಾಟಲಿಯಲ್ಲಿ ಬರುವುದಿಲ್ಲವಲ್ಲ. ಆ ಚೆಂದ ನೋಡುತ್ತ ಬಿಸಿಲಿನಲ್ಲಿ ಬಿಟ್ಟರೆ ಹನಿ ಆರಿ, ಇದ್ದಲ್ಲೇ ಬಿಳೀ ಉಂಗುರದ ಕಲೆ ಕೂರುತ್ತದೆ. ತೊಳೆದ ತಕ್ಷಣ, ನೆರಳಿನಲ್ಲಿ, ಗಾಡಿಯ ಮೈ ತಣ್ಣಗಿರುವಾಗ, ಒದ್ದೆ ಆರುವ ಮೊದಲೇ ಒತ್ತಿ ಒರೆಸಿಕೊಳ್ಳಬೇಕು. ಮೇಣ ಹೊಡೆಯುವುದೂ ನೆರಳಲ್ಲೇ, ಒಂದೊಂದು ಬಾಗಿಲಿಗೆ ಎರಡೋ ಮೂರೋ ಸಲ ಕುದುರೆ ಒತ್ತಿದರೆ ಬೇಕಾದಷ್ಟಾಯಿತು. ಧಾರಾಳವಾಗಿ ಸುರಿದರೆ ಹೊಳಪು ಹೆಚ್ಚುವುದಿಲ್ಲ, ಮೋಡ ಕಟ್ಟಿದಂತೆ ಮಬ್ಬಾಗುತ್ತದೆ. ಧೂಳಿರುವ ಗಾಡಿಗೆ ನೇರ ಹೊಡೆದು ಒರೆಸಬಹುದು, ನೀರೇ ಬೇಡ ಎಂದು ಕೆಲವು ಬಾಟಲಿಗಳು ಹೇಳುತ್ತವೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತ ಕಾರಿಗೆ ಆ ಮಾತು ಆಗಬಹುದು. ಸಂಕ್ರಾಂತಿ ಸುಮಾರಿಗೆ ಚುಂಚನಕಟ್ಟೆಯ ದನಗಳ ಜಾತ್ರೆಯಿಂದ ವಾಪಸಾದ ಗಾಡಿಗೆ ಅಲ್ಲ. ಮೊದಲು ನೀರು ಬಿಟ್ಟು ಮಣ್ಣಿಳಿಸದೆ ಬಟ್ಟೆ ಮುಟ್ಟಿಸಲೇಬಾರದು. ಮೇಣದಿಂದ ನಮ್ಮಂಥವರಿಗೆ ದೊಡ್ಡ ಉಪಕಾರ ಆಗುವುದೂ ಇಲ್ಲಿಯೇ: ಪೊರೆಯಿದ್ದ ಮೈಮೇಲೆ ಕೆಮ್ಮಣ್ಣು ಬಲವಾಗಿ ಕಚ್ಚುವುದಿಲ್ಲ, ನೀರಿಗೇ ಬಹುಪಾಲು ಇಳಿದುಹೋಗುತ್ತದೆ, ತಿಕ್ಕುವ ಕೆಲಸ ತಪ್ಪುತ್ತದೆ. ತಿಕ್ಕಿದಷ್ಟೂ ಗೀರು ಎನ್ನುವ ಊರಿನಲ್ಲಿ ತಿಕ್ಕದೆ ಉಳಿಸಿಕೊಂಡದ್ದೇ ಹೊಳಪು.

ಅದರಾಚೆಗೆ ಬಾಟಲಿಯ ಕೈಲಿ ಆಗುವುದು ಕಡಿಮೆ. ಗೀರು ಬಿದ್ದದ್ದನ್ನು ನಾಲ್ಕು ದಿನ ಮರೆಮಾಚೀತು, ಅಳಿಸಲಾರದು. ಬಿಸಿಲಿಗೆ ಪಾರದರ್ಶಕ ಪದರವೇ ಎದ್ದು ಬಿಳಿಚಿದ ಟಾಪಿಗೆ ಅದು ಮದ್ದಲ್ಲ. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಕೂಲಿಯವರ ಕೈಗೆ ಹತ್ತುವ ಕಪ್ಪು ಅಂಟನ್ನು ಕಂಡವರಿಗೆ ಗೊತ್ತು. ಸೊಪ್ಪು ಹೇರುವ ಪಿಕಪ್ಪಿನ ಬಾಗಿಲ ಹಿಡಿಯ ಸುತ್ತ ಅದೇ ಅಂಟು ಒಂದು ಕರೀ ಪಟ್ಟಿಯಾಗಿ ಕೂತಿರುತ್ತದೆ. ಅದರ ಮೇಲೆ ಮೇಣ ಹೊಡೆದರೆ ಅಂಟಿಗೇ ಹೊಳಪು ಬರುತ್ತದೆ. ಹಕ್ಕಿಯ ಹಿಕ್ಕೆ, ಮಾವಿನ ಮರದಡಿ ತೊಟ್ಟಿಕ್ಕುವ ಜಿಗುಟು, ಬಾಳೆಕಂದಿನ ಕರೆ, ಇವನ್ನು ಅಂದೇ ನೆನೆಸಿ ತೆಗೆದರೆ ಪೊರೆ ಅಷ್ಟಿಷ್ಟು ಕಾಪಾಡೀತು, ವಾರ ಬಿಟ್ಟರೆ ಇಲ್ಲ.

ಹೊಡೆಯಬಾರದ ಜಾಗಗಳೂ ಇವೆ, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಹುಡುಗರು ಹುಮ್ಮಸ್ಸಿನಲ್ಲಿ ಮುಂದಿನ ಗಾಜಿಗೂ ಚಿಮ್ಮಿಸಿಬಿಡುತ್ತಾರೆ. ಹಗಲಿನಲ್ಲಿ ಗೊತ್ತಾಗುವುದಿಲ್ಲ. ಮಳೆಯ ರಾತ್ರಿ ಎಚ್.ಡಿ. ಕೋಟೆಯ ರಸ್ತೆಯಲ್ಲಿ ಎದುರಿಗೆ ಲಾರಿಯ ದೀಪ ಬಿದ್ದಾಗ, ವೈಪರ್ ಆಡಿದಲ್ಲೆಲ್ಲ ಗಾಜು ಎಣ್ಣೆ ಸವರಿದಂತೆ ಮಸುಕಾಗುತ್ತದೆ. ರಸ್ತೆ ದಾಟುತ್ತಿರುವುದು ಹಸುವೋ ಆನೆಯೋ ತಿಳಿಯದ ಹಾಗೆ. ಬೈಕಿನ ಸೀಟಿಗೆ ಹೊಡೆದರೆ ಬ್ರೇಕ್ ಹಾಕಿದಾಗ ಹಿಂದೆ ಕೂತವರು ಮುಂದಕ್ಕೆ ಜಾರುತ್ತಾರೆ. ಡಿಸ್ಕ್ ಬ್ರೇಕಿಗೆ, ಟೈರಿನ ನೆಲ ಮುಟ್ಟುವ ಭಾಗಕ್ಕೆ ಸೋಕಿಸಿದರೆ ಆಗುವುದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಮಾಡುವಾಗ ಕಣ್ಣು ಹೋಗದ ಜಾಗ ಚಕ್ರದ ಮೇಲಿನ ಕಮಾನು. ಗದ್ದೆ ಬದುವಿನ ಕೆಸರು ಅಲ್ಲಿ ಒಳಗೆ ಮೆತ್ತಿ ಮೆತ್ತಿ ಗಟ್ಟಿಯಾಗಿರುತ್ತದೆ. ತೇವ ಹಿಡಿದಿಟ್ಟುಕೊಂಡು ಒಳಗಿನಿಂದ ಕಬ್ಬಿಣ ತಿನ್ನುತ್ತದೆ. ವಾಟರ್ ಸರ್ವಿಸ್‌ಗೆ ಬಿಟ್ಟರೆ “ಅಣ್ಣ, ಒಂದ್ ಕೋಟ್ ಪಾಲಿಷ್ ಹೊಡ್ದ್‌ಬುಡ್ಲಾ?” ಎಂದು ಹುಡುಗ ಕೇಳುತ್ತಾನೆ, ಅಡಿಗೆ ನೀರು ಹೊಡೀಲಾ ಎಂದು ತಾನಾಗಿ ಕೇಳುವವನು ಅಪರೂಪ. ನಾವೂ ಪಾಲಿಷ್‌ಗೆ ತಲೆಯಾಡಿಸುತ್ತೇವೆ.

ಹೊಗೆಸೊಪ್ಪಿನ ದುಡ್ಡು ಕೈಗೆ ಬರುವ ತಿಂಗಳುಗಳಲ್ಲಿ ಇಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿಗಳ ವ್ಯಾಪಾರ ಬಿರುಸು. ಈಚೆಗೆ ಪಿರಿಯಾಪಟ್ಟಣದಲ್ಲಿ ಅಂಥದ್ದೊಂದು ವ್ಯಾಪಾರ ನಡೆಯುವಾಗ ಪಕ್ಕದಲ್ಲಿ ನಿಂತಿದ್ದೆ. ಮಾರುವವನು ಅಂದು ಬೆಳಗ್ಗೆಯೇ ಮೇಣ ಹೊಡೆದು ತಂದಿದ್ದನೆಂದು ಕಾಣುತ್ತದೆ, ಬಾನೆಟ್ಟಿನಲ್ಲಿ ಮುಖ ಕಾಣುತ್ತಿತ್ತು. ಬ್ರೋಕರ್ ಅತ್ತ ನೋಡಲೇ ಇಲ್ಲ. ಕುಕ್ಕರುಗಾಲಿನಲ್ಲಿ ಕೂತು, ಬಾಗಿಲ ಕೆಳಅಂಚಿಗೆ ಉಗುರು ಹಾಕಿ ಕೆರೆದ, ಒಳಗಿನ ಚಾಪೆ ಎತ್ತಿದ, ಚಕ್ರದ ಕಮಾನಿನೊಳಗೆ ಕೈತೂರಿಸಿ ಒಂದು ಹೆಂಟೆ ಮಣ್ಣು ಕಿತ್ತು ತೆಗೆದು ಮಾರುವವನ ಮುಂದೆ ಹಿಡಿದ.

“ಇದ್ರಲ್ ಒಂದ್ ಒಟ್ಲುಪಾತಿ ಮಾಡ್ಬೋದು ಕಣಣ್ಣ,” ಎಂದ. ಆಮೇಲೆ ರೇಟು ಮಾತಾಡಲು ಶುರುಮಾಡಿದರು.