ಕನಸಿನಲ್ಲಿ ಜಾರಿದ ಇಷ್ಟಲಿಂಗ

ಸದ್ಭಕ್ತನೊಬ್ಬನು ಬೆಳಗಿನ ಜಾವದಲ್ಲಿ ಒಂದು ಕನಸನ್ನು ಕಂಡನು. ತಾನು ಪೂಜೆಗೆ ಕುಳಿತಿದ್ದಂತೆಯೂ, ಎಡಗೈಯಲ್ಲಿದ್ದ ಇಷ್ಟಲಿಂಗವು ಜಾರಿ ನೆಲಕ್ಕೆ ಬಿದ್ದು ಭಿನ್ನವಾದಂತೆಯೂ, ಹಿಡಿಯಹೋದರೆ ಬಲಗೈ ಮೇಲೇಳದಂತೆಯೂ ತೋರಿತು. ಎಚ್ಚತ್ತೊಡನೆ ಎದೆಯನ್ನು ಮುಟ್ಟಿ ನೋಡಿಕೊಂಡನು; ಲಿಂಗವು ಕರಡಿಗೆಯಲ್ಲಿಯೇ ಇದ್ದಿತು. ಆದರೂ ನಡುಕ ನಿಲ್ಲಲಿಲ್ಲ. ಲಿಂಗವಿಯೋಗವೆಂದರೆ ವೀರಶೈವನಿಗೆ ಪ್ರಾಣವಿಯೋಗವೇ ಅಲ್ಲವೆ? ಸ್ವಪ್ನಫಲ ಹೇಳುವವನೊಬ್ಬನು ಮನೆಗೆ ಕೇಡೆಂದನು, ಶಾಂತಿಗೆ ಇಷ್ಟು ಹಣವೆಂದನು. (ಅನ್ಯರ ದುಃಸ್ವಪ್ನವೇ ಇಂತಹವರ ಜೀವನೋಪಾಯ.) ಮೂರು ದಿನ ಅನ್ನ ರುಚಿಸದೆ, ಲಿಂಗವನ್ನು ಕರದಲ್ಲಿ ಹಿಡಿಯುವುದಕ್ಕೂ ಅಂಜಿ, ಕಡೆಗೆ ಹಿರಿಯ ಜಂಗಮರೊಬ್ಬರ ಪಾದಕ್ಕೆರಗಿ, “ಬುದ್ಧಿ, ನಾನು ಲಿಂಗಭ್ರಷ್ಟನಾದೆನೇ?” ಎಂದು ಕೇಳಿದನು.

ಈ ಪ್ರಶ್ನೆ ಅವನೊಬ್ಬನದಲ್ಲ. 60 ವರ್ಷ ಬಾಳಿದವನು ಸುಮಾರು 20 ವರ್ಷಗಳನ್ನು ನಿದ್ರೆಯಲ್ಲಿಯೇ ಕಳೆದಿರುತ್ತಾನೆ. ಆ ಕಾಲದಲ್ಲಿ ಅವನ ಆಚಾರವೆಲ್ಲಿ, ವ್ರತವೆಲ್ಲಿ? ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂಬ ಅವಸ್ಥೆಗಳನ್ನು ಮಾಂಡೂಕ್ಯೋಪನಿಷತ್ತು ಬಹು ಹಿಂದೆಯೇ ವಿಚಾರಿಸಿತು. ಈಚಿನ ವಿಜ್ಞಾನಿಗಳು ಅದನ್ನೇ ಬೇರೊಂದು ದಾರಿಯಿಂದ ಅರಸಿದ್ದಾರೆ. ಮಲಗಿದವನ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆಗಳು ಆಗಾಗ ತೀವ್ರವಾಗಿ ಚಲಿಸುವುದನ್ನೂ, ಆಗ ಎಬ್ಬಿಸಿದರೆ ಅವನು ಬಹುಮಟ್ಟಿಗೆ ಕನಸನ್ನೇ ಹೇಳುವುದನ್ನೂ ಅಮೆರಿಕದ ಚಿಕಾಗೋ ವಿಶ್ವವಿದ್ಯಾನಿಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬವರು 1953ರಲ್ಲಿ ಪ್ರಕಟಿಸಿದರು. ಸರಿಸುಮಾರು 90 ನಿಮಿಷಗಳಿಗೊಮ್ಮೆ ಈ ನಿದ್ರೆ ಮರಳಿ ಬರುತ್ತದೆ. ತನಗೆ ಕನಸೇ ಬೀಳದೆಂದು ಹೇಳುವವನಿಗೂ ಇದು ತಪ್ಪಿದ್ದಲ್ಲ.

ಇದಕ್ಕಿಂತಲೂ ಸೋಜಿಗದ ಸಂಗತಿಯೊಂದುಂಟು. ಆ ಹೊತ್ತಿನಲ್ಲಿ ಕೈಕಾಲುಗಳ ಸ್ನಾಯುಗಳು ಬಿಗಿ ಕಳೆದುಕೊಂಡು ಸಡಿಲಾಗಿಬಿಡುತ್ತವೆ. ಉಸಿರಾಟ ಮತ್ತು ಕಣ್ಣಿನ ಚಲನೆ ಮಾತ್ರ ನಡೆದಿರುತ್ತವೆ. ಫ್ರಾನ್ಸಿನ ಮಿಷೆಲ್ ಜೂವೆ ಎಂಬ ವೈದ್ಯವಿಜ್ಞಾನಿಯು ಬೆಕ್ಕುಗಳ ಮಿದುಳುಕಾಂಡದ ಒಂದು ಸಣ್ಣ ಭಾಗವನ್ನು ಕೆಡಿಸಿ ನೋಡಲು, ಅವು ನಿದ್ರೆಯಲ್ಲಿಯೇ ಎದ್ದು ಇಲ್ಲದ ಇಲಿಯ ಮೇಲೆರಗುವಂತೆ ವರ್ತಿಸಿದವು. ಹಾಗಾಗದಂತೆ ಪ್ರಕೃತಿಯೇ ನಮ್ಮ ಕೈಗಳನ್ನು ಕಟ್ಟಿಹಾಕಿದೆ. ಆ ಭಕ್ತನ ಬಲಗೈ ಮೇಲೇಳದಿದ್ದುದಕ್ಕೂ ಇದಕ್ಕೂ ನಂಟಿದ್ದೀತು. ಅದು ಹೇಗೇ ಇರಲಿ, ಕರ್ಮೇಂದ್ರಿಯವೇ ಕಟ್ಟುಬಿದ್ದಿರುವಾಗ ಕರ್ತೃತ್ವವೆಲ್ಲಿಯದು?

ಜಂಗಮರ ಉತ್ತರವು ಶಾಸ್ತ್ರದಿಂದ ಬಂದಿತು. “ಅಪ್ಪಾ, ಸ್ಥೂಲತನುವಿಗೆ ಇಷ್ಟಲಿಂಗ, ಸೂಕ್ಷ್ಮತನುವಿಗೆ ಪ್ರಾಣಲಿಂಗ, ಕಾರಣತನುವಿಗೆ ಭಾವಲಿಂಗವೆಂದು ದೀಕ್ಷೆಯಲ್ಲಿ ಕೇಳಿದ್ದೆಯಷ್ಟೆ? ಜಾಗ್ರತ್ತು ಸ್ಥೂಲದ್ದು, ಕನಸು ಸೂಕ್ಷ್ಮದ್ದು. ನೀನು ಕನಸಿನಲ್ಲಿದ್ದಾಗ ನಿನ್ನೊಡನಿದ್ದುದು ಪ್ರಾಣಲಿಂಗ. ಅದು ಯಾವ ಕೈಯಿಂದ ಜಾರೀತು? ಕೈ ಮಲಗಿತ್ತು, ಉಸಿರು ನಡೆದಿತ್ತು.”

ಭಕ್ತನಿಗೆ ಇನ್ನೂ ಸಂದೇಹ. “ಹಾಗಾದರೆ ಕನಸೆಲ್ಲವೂ ಸುಳ್ಳೇ, ಬುದ್ಧಿ?” ಅವರು ಹಾಗೆನ್ನಲಿಲ್ಲ. ಕೂಡಲಸಂಗಮದಲ್ಲಿದ್ದ ಬಸವಣ್ಣನವರಿಗೆ ಸಂಗಮನಾಥನು ಕನಸಿನಲ್ಲಿ ಬಂದು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದು ಅಪ್ಪಣೆಯಿತ್ತುದನ್ನು ಹರಿಹರನು ತನ್ನ ರಗಳೆಯಲ್ಲಿ ಹೇಳಿದ್ದಾನೆ. ಆ ಕನಸೂ ಸುಖದ್ದಲ್ಲ. ಸಂಗಮನನ್ನು ಅಗಲಬೇಕಲ್ಲಾ ಎಂದು ಬಸವಣ್ಣನವರು ಮರುಗಿದರು. ಆದರೆ ಅದರ ಫಲವನ್ನು ಕೇಳುತ್ತ ಅವರು ಯಾರ ಮನೆಯ ಬಾಗಿಲಿಗೂ ಹೋಗಲಿಲ್ಲ. ದುಃಖವನ್ನು ಸಂಗಯ್ಯನ ಮುಂದೆಯೇ ತೋಡಿಕೊಂಡರು.

“ನೀನು ಮೂರು ದಿನ ಏನು ಮಾಡಿದೆ?” ಎಂದು ಜಂಗಮರು ಕೇಳಿದರು. ಅಂಜಿಕೆಯಿಂದ ಲಿಂಗವನ್ನು ಕರಡಿಗೆಯಿಂದ ಹೊರತೆಗೆಯಲಿಲ್ಲವೆಂದು ಅವನು ತಲೆ ತಗ್ಗಿಸಿದನು. “ಹಾಗಾದರೆ ಪೂಜೆ ತಪ್ಪಿದ್ದು ಎಚ್ಚರದಲ್ಲಿ, ಕನಸಿನಲ್ಲಲ್ಲ” ಎಂದು, ಅವರು ಅವನ ಎದೆಯ ಮೇಲಿನ ಶಿವದಾರವನ್ನು ಬೆರಳಿನಿಂದೆತ್ತಿ ನೋಡಿದರು. ಗಂಟಿನ ಬಳಿ ಎಳೆಗಳು ಸವೆದು, ಎರಡೇ ಉಳಿದಿದ್ದವು. ನಾಳೆ ಬದಲಿಸಿದರಾಯಿತೆಂದು ಅವನು ಎರಡು ತಿಂಗಳಿಂದ ಮುಂದೂಡುತ್ತ ಬಂದಿದ್ದನು. ಜಂಗಮರು ನಗುತ್ತ ಒಳಗಿನಿಂದ ಹೊಸ ದಾರವನ್ನು ತರಿಸಿ, ಸ್ನಾನ ಮಾಡಿ ಬಾರೆಂದು ಅವನನ್ನು ಬಾವಿಯ ಕಡೆಗೆ ಕಳುಹಿಸಿದರು.